ಕೆತ್ತನೆಗೆ ಮರದ ಬದಲು ಎಂಡಿಎಫ್: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ದೇವರ ಕೋಣೆಯ ಜಾಲಿ (ಜಾಲರಿ ಕೆತ್ತನೆ) ಇರಲಿ, ಮನೆಯ ನಾಮಫಲಕ ಇರಲಿ, ಗಣಪತಿ ಹಬ್ಬದ ಮಂಟಪ ಇರಲಿ, ಶಿವಮೊಗ್ಗ-ಸಾಗರ ಕಡೆ ಈಗ ಮೊದಲು ಬರುವ ಮಾತು, "ಎಂಡಿಎಫ್‌ನಲ್ಲಿ ಮಾಡಿದ್ರೆ ನಡೆಯುತ್ತಾ?" ಅಂತ. ಎಂಡಿಎಫ್ ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ. ಅದರಲ್ಲಿ ಕೆತ್ತನೆ ನಡೆಯುತ್ತದೆ, ಆದರೆ ಎಲ್ಲ ಕಡೆ ಅಲ್ಲ. ಮಿಷನ್ ಕೆತ್ತುವಲ್ಲಿ, ಬಣ್ಣ ಮುಚ್ಚುವಲ್ಲಿ, ನೀರು ಸೋಕದ ಕಡೆ ಎಂಡಿಎಫ್ ಚೆನ್ನ. ಕೈಯುಳಿ, ಮರದ ಎಳೆಯ ಚಂದ, ಮಳೆ, ಈ ಮೂರರಲ್ಲಿ ಯಾವುದಾದರೂ ಒಂದು ಬಂತೆಂದರೆ ಮರವೇ ಸರಿ. ಹೆಚ್ಚಿನ ಪ್ರಶ್ನೆಗಳಿಗೆ ಉತ್ತರ ಇದರಲ್ಲೇ ಇದೆ. ಆದರೂ ಒಂದೊಂದಾಗಿ ನೋಡೋಣ.

ಎಂಡಿಎಫ್ ಅಂದರೆ ನಿಜವಾಗಿ ಏನು? ಮರದ ಪುಡಿಯಾ?

ಪುಡಿ ಅಲ್ಲ, ನಾರು. ಮರದ ಚೂರುಗಳನ್ನು ಹಬೆಯಲ್ಲಿ ಬೇಯಿಸಿ, ಅರೆದು, ನಾರು ಬಿಡಿಸುತ್ತಾರೆ. ಅದಕ್ಕೆ ಅಂಟು, ಸ್ವಲ್ಪ ಮೇಣ ಬೆರೆಸಿ, ಬಿಸಿ ಪ್ರೆಸ್‌ನಲ್ಲಿ ಒತ್ತಿ ಹಲಗೆ ಮಾಡುತ್ತಾರೆ. ಅಂಟು ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್. ನಮ್ಮ ದೇಶದಲ್ಲಿ ಇದಕ್ಕೆ ಬಳಸುವುದು ಹೆಚ್ಚಾಗಿ ನೀಲಗಿರಿ, ಸುಬಾಬುಲ್, ಪಾಪ್ಲರ್ ಥರದ ನೆಡುತೋಪಿನ ಮರ. ಪುಡಿ ಒತ್ತಿ ಮಾಡುವುದು ಪಾರ್ಟಿಕಲ್ ಬೋರ್ಡ್. ಅದನ್ನು ಕೆತ್ತನೆಗೆ ತರಲೇಬೇಡಿ, ಉದುರಿ ಹೋಗುತ್ತದೆ.

ಕೆತ್ತುವವರು ನೆನಪಿಡಬೇಕಾದ ಸಂಗತಿ ಒಂದಿದೆ. ಎಂಡಿಎಫ್ ಹಲಗೆ ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇರುವುದಿಲ್ಲ. ಪ್ರೆಸ್‌ನ ಬಿಸಿ ತಟ್ಟೆ ತಾಗುವ ಎರಡು ಮುಖಗಳು ಬಿಗಿಯಾಗಿರುತ್ತವೆ, ನಡುವಿನ ಭಾಗ ಸಡಿಲ. 18 ಮಿಮೀ ಹಲಗೆ ಕತ್ತರಿಸಿ ಅಂಚನ್ನು ಉಗುರಿನಿಂದ ಗೀರಿ ನೋಡಿ. ಮೇಲೆ-ಕೆಳಗೆ ಉಗುರು ಜಾರುತ್ತದೆ, ಮಧ್ಯದಲ್ಲಿ ಗೆರೆ ಬೀಳುತ್ತದೆ. ಕೆತ್ತನೆಯಲ್ಲಿ ಬರುವ ಮುಕ್ಕಾಲು ತೊಂದರೆಗೆ ಈ ಸಡಿಲ ನಡುಭಾಗವೇ ಕಾರಣ.

ಕೈಯುಳಿಯಿಂದ ಎಂಡಿಎಫ್ ಕೆತ್ತಬಹುದಾ?

ಕೆತ್ತಬಹುದು, ಸುಖ ಇಲ್ಲ. ಮರದಲ್ಲಿ ಉಳಿ ಎಳೆಯ ಜತೆ ಮಾತಾಡಿಕೊಂಡು ಹೋಗುತ್ತದೆ. ಎಳೆ ಹಿಡಿದು ಹೋದರೆ ಸಿಪ್ಪೆ ಸುರುಳಿ ಸುತ್ತುತ್ತದೆ, ಅಡ್ಡ ಹೋದರೆ ಸಿಗಿಯುತ್ತದೆ ಅಂತ ಕೈಗೆ ಗೊತ್ತಾಗುತ್ತದೆ. ಎಂಡಿಎಫ್‌ಗೆ ಎಳೆಯೇ ಇಲ್ಲ. ಯಾವ ದಿಕ್ಕಿಗೆ ಹೋದರೂ ಸಿಗಿಯುವುದಿಲ್ಲ ಅನ್ನುವುದು ಲಾಭ. ಆದರೆ ಸಿಪ್ಪೆಯೂ ಏಳುವುದಿಲ್ಲ. ಮೊದಲ ಎರಡು ಮಿಮೀವರೆಗೆ ಉಳಿ ಚೆನ್ನಾಗಿಯೇ ಓಡುತ್ತದೆ. ಅದರ ಕೆಳಗೆ ಇಳಿದ ಕೂಡಲೇ ನಾರು ಕತ್ತರಿಸುವ ಬದಲು ಕಿತ್ತು ಬರುತ್ತದೆ, ತಳ ಒರಟಾಗುತ್ತದೆ. ಜತೆಗೆ ಒಣಗಿದ ಅಂಟು ಉಳಿಯ ಮೊನೆ ತಿನ್ನುತ್ತದೆ. ಹಲಸಿನಲ್ಲಿ ಒಂದು ಬೆಳಗು ಬರುವ ಮೊನೆ ಇಲ್ಲಿ ಬಹಳ ಬೇಗ ಮೊಂಡಾಗುತ್ತದೆ. ಸಾಣೆ ಹಿಡಿಯುವುದೇ ಕೆಲಸ ಆಗಿಬಿಡುತ್ತದೆ.

ಕೈಕೆತ್ತನೆ ಕಲಿಯಬೇಕು ಅಂತಿರುವವರು ಎಂಡಿಎಫ್‌ನಲ್ಲಿ ಅಭ್ಯಾಸ ಮಾಡಬೇಡಿ. ಅದು ಎಳೆ ಓದುವುದನ್ನು ಕಲಿಸುವುದಿಲ್ಲ, ಕೈಕೆತ್ತನೆಯ ವಿದ್ಯೆ ಇರುವುದೇ ಅದರಲ್ಲಿ. ಶಿವನೆ ಮರದ ತುಂಡು ಸಿಕ್ಕರೆ ಅದರಲ್ಲಿ ಶುರು ಮಾಡಿ. ಮೃದು, ಸಮ ಎಳೆ, ಉಳಿಗೆ ಹಿತ.

ಹಾಗಾದರೆ ಸಿಎನ್‌ಸಿಗೆ ಎಂಡಿಎಫ್ ಯಾಕೆ ಅಷ್ಟು ಇಷ್ಟ?

ಸಿಎನ್‌ಸಿ ಅಂದರೆ ಕಂಪ್ಯೂಟರ್ ಫೈಲ್ ನೋಡಿ ತಾನೇ ಕೆತ್ತುವ ಮಿಷನ್. ಎಂಡಿಎಫ್‌ನಲ್ಲಿ ಗಂಟಿಲ್ಲ, ಎಳೆ ಇಲ್ಲ, ಬಿರುಕಿಲ್ಲ. 8x4 ಅಡಿ ಹಲಗೆಯ ಒಂದು ಮೂಲೆಯಲ್ಲಿ ಹೇಗೆ ಕತ್ತರಿಸುತ್ತದೋ ಇನ್ನೊಂದು ಮೂಲೆಯಲ್ಲೂ ಹಾಗೇ. ಮಿಷನ್‌ಗೆ ಬೇಕಾದದ್ದು ಅದೇ. ಮರದಲ್ಲಿ ಸಣ್ಣ ಎಲೆಯ ತುದಿ, ತೆಳು ಬಳ್ಳಿ ಎಳೆಗೆ ಅಡ್ಡ ಬಂದರೆ ಟಪ್ ಅಂತ ಹಾರಿ ಹೋಗುತ್ತದೆ. ಎಂಡಿಎಫ್‌ನಲ್ಲಿ ಆ ಭಯ ಕಡಿಮೆ. ಇನ್ನೊಂದು, ಮರ ಒಣಗಬೇಕು. ಹಸಿ ಮರದಲ್ಲಿ ಜಾಲಿ ಕತ್ತರಿಸಿದರೆ ಬೇಸಿಗೆ ಬರುವ ಹೊತ್ತಿಗೆ ಸೊಟ್ಟಗಾಗುತ್ತದೆ. ಎಂಡಿಎಫ್ ಫ್ಯಾಕ್ಟರಿಯಿಂದ ಬರುವಾಗಲೇ ತೇವಾಂಶ ಸುಮಾರು 5ರಿಂದ 10 ಶೇಕಡಾದೊಳಗೆ ಇರುತ್ತದೆ.

ಯಾವ ಬಿಟ್, ಯಾವ ವೇಗ?

ಬಿಟ್ ಅಂದರೆ ಮಿಷನ್‌ನಲ್ಲಿ ತಿರುಗುತ್ತ ಕತ್ತರಿಸುವ ಉಳಿ. ಕಾರ್ಬೈಡ್ ಬಿಟ್ ಮಾತ್ರ. ಹೈಸ್ಪೀಡ್ ಸ್ಟೀಲ್ ಬಿಟ್ ಎಂಡಿಎಫ್‌ನ ಅಂಟಿಗೆ ನಿಲ್ಲುವುದಿಲ್ಲ. 6 ಮಿಮೀ, ಎರಡು ಅಲಗಿನ ಬಿಟ್‌ಗೆ 18,000 ಆರ್‌ಪಿಎಂ ಇಟ್ಟು, ನಿಮಿಷಕ್ಕೆ 3,000ದಿಂದ 4,000 ಮಿಮೀ ಓಡಿಸಿದರೆ ಪ್ರತಿ ಅಲಗಿಗೆ 0.1 ಮಿಮೀ ಆಸುಪಾಸಿನ ಕಡಿತ ಬರುತ್ತದೆ, ಅದು ಸರಿ. ಸುಟ್ಟ ವಾಸನೆ ಬಂದರೆ, ಅಂಚು ಕಂದಾದರೆ, ಬಿಟ್ ಮೊಂಡಾಗಿದೆ ಅಂತ ಅರ್ಥ, ಇಲ್ಲವೇ ತೀರಾ ನಿಧಾನ ಓಡಿಸುತ್ತಿದ್ದೀರಿ. ಹೆದರಿ ನಿಧಾನ ಮಾಡುವವರೇ ಜಾಸ್ತಿ. ನಿಧಾನ ಆದಷ್ಟೂ ಬಿಟ್ ಕತ್ತರಿಸುವ ಬದಲು ಉಜ್ಜುತ್ತದೆ, ಬಿಸಿಯಾಗುತ್ತದೆ.

ಉಬ್ಬುಚಿತ್ರಕ್ಕೆ ಮೊದಲು ದೊಡ್ಡ ಬಿಟ್‌ನಲ್ಲಿ ಒರಟಾಗಿ ತೆಗೆದು, ಆಮೇಲೆ ಮೊನಚು ಬಾಲ್‌ನೋಸ್‌ನಲ್ಲಿ (ದುಂಡು ತುದಿಯ ಬಿಟ್) ನಯ ಮಾಡಿ. 18 ಮಿಮೀ ಹಲಗೆಯಲ್ಲಿ 8ರಿಂದ 10 ಮಿಮೀ ಆಳ ಸಾಕು. ತಳದಲ್ಲಿ 6 ಮಿಮೀ ಆದರೂ ಉಳಿಯಲಿ. ಇನ್ನೂ ಆಳ ಬೇಕು ಅಂದರೆ 25 ಮಿಮೀ ಹಲಗೆ ತನ್ನಿ.

ಹಸೆ ಚಿತ್ತಾರವನ್ನು ಎಂಡಿಎಫ್ ಮೇಲೆ ಕೆತ್ತಬಹುದಾ?

ಎಂಡಿಎಫ್‌ಗೆ ಇದಕ್ಕಿಂತ ಒಪ್ಪುವ ಕೆಲಸ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಸಾಗರ, ಸೊರಬ ಕಡೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆ ಮೇಲೆ, ಭೂಮಿ ಹುಣ್ಣಿಮೆಯ ಬುಟ್ಟಿ ಮೇಲೆ ಪುಂಡಿ ನಾರಿನಿಂದ ಅಕ್ಕಿ ಹಿಟ್ಟಿನ ಬಿಳಿ ಗೆರೆ ಎಳೆಯುತ್ತಾರಲ್ಲ, ಆ ಗೆರೆಗಳು. ನೇರ ರೇಖೆ, ಸಮ ಅಂತರ, ಹೆಚ್ಚಾಗಿ ಕೆಂಪಿನ ಮೇಲೆ ಬಿಳಿ. ವಿ-ಬಿಟ್‌ಗೆ (ವಿ ಆಕಾರದ ತುದಿಯ ಬಿಟ್) ಹೇಳಿ ಮಾಡಿಸಿದ ಹಾಗಿದೆ.

ವಿಧಾನ ಹೀಗೆ. ಹಲಗೆಗೆ ಸೀಲರ್, ಪ್ರೈಮರ್ ಹಾಕಿ, ಕೆಮ್ಮಣ್ಣಿನ ಬಣ್ಣ ಎರಡು ಕೋಟ್ ಹೊಡೆಯಿರಿ. ಪೂರ್ತಿ ಒಣಗಿದ ಮೇಲೆ ಮೇಲೆಲ್ಲ ವಿನೈಲ್ ಸ್ಟಿಕರ್ ಹಾಳೆ ಅಂಟಿಸಿ, ಗುಳ್ಳೆ ಇಲ್ಲದ ಹಾಗೆ ಒತ್ತಿ. ಈಗ ಹಾಳೆ ಸಮೇತ ವಿ-ಬಿಟ್‌ನಲ್ಲಿ ಗೆರೆ ಕೆತ್ತಿ. ಗೆರೆಯೊಳಗೆ ಬರಿ ನಾರು ಕಾಣುತ್ತದೆ. ಇಲ್ಲಿ ಅವಸರ ಮಾಡಿ ನೇರ ಬಿಳಿ ಬಣ್ಣ ತುಂಬಿದರೆ ಕೆಲಸ ಕೆಟ್ಟ ಹಾಗೇ. ಬಣ್ಣ ನಾರಿನೊಳಗೆ ಹರಿದು ಹಾಳೆಯ ಅಡಿಗೆ ನುಗ್ಗುತ್ತದೆ, ಗೆರೆಯ ಅಂಚು ಹಲ್ಲು ಹಲ್ಲಾಗಿ ಕಾಣುತ್ತದೆ. ಮೊದಲು ಅರಗಿನ ಪಾಲಿಶ್ ಅಥವಾ ಬಣ್ಣವಿಲ್ಲದ ಸೀಲರ್ ಒಂದು ಕೈ ಗೆರೆಯೊಳಗೆ ಹಾಕಿ, ಒಣಗಲು ಬಿಡಿ. ಆಮೇಲೆ ಬಿಳಿ. ಬಿಳಿ ಪೂರ್ತಿ ಗಟ್ಟಿಯಾಗುವ ಮೊದಲೇ, ಮುಟ್ಟಿದರೆ ಅಂಟದಷ್ಟು ಆದಾಗ, ಹಾಳೆಯನ್ನು ಮೂಲೆಯಿಂದ ಹಿಂದಕ್ಕೆ ಮಡಚಿ ಮೆಲ್ಲಗೆ ಎಳೆಯಿರಿ.

ಬಿಟ್‌ನ ಕೋನದಲ್ಲೂ ಒಂದು ಲೆಕ್ಕ ಇದೆ. 90 ಡಿಗ್ರಿ ಬಿಟ್‌ನಲ್ಲಿ 3 ಮಿಮೀ ಅಗಲದ ಗೆರೆಗೆ ಆಳ 1.5 ಮಿಮೀ ಸಾಕು. 60 ಡಿಗ್ರಿ ಬಿಟ್ ಆದರೆ ಅದೇ ಅಗಲಕ್ಕೆ 2.6 ಮಿಮೀ ಇಳಿಯಬೇಕು. 1.5 ಅಂದರೆ ಇನ್ನೂ ಮೇಲಿನ ಬಿಗಿ ಪದರದಲ್ಲೇ ಇದ್ದೀರಿ, ಗೆರೆ ಚೊಕ್ಕ. 2.6ರಲ್ಲಿ ಸಡಿಲ ಭಾಗ ಶುರುವಾಗಿರುತ್ತದೆ. ಅದಕ್ಕೇ ಎಂಡಿಎಫ್‌ಗೆ 90 ಒಳ್ಳೆಯದು. ತೇಗದಲ್ಲಿ ಈ ತಲೆಬಿಸಿ ಇಲ್ಲ.

ಮಳೆಗಾಲದಲ್ಲಿ ಏನಾಗುತ್ತದೆ?

ಬೆಂಗಳೂರಿನವರ ವಿಡಿಯೋ ನೋಡಿ ಇಲ್ಲಿ ಕೆಲಸ ಮಾಡುವವರು ಮೊದಲು ಈ ಉತ್ತರ ಓದಬೇಕು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಮೀ ದಾಟುತ್ತದೆ. ಶಿವಮೊಗ್ಗ ನಗರದಲ್ಲಿ ಬೀಳುವುದು ಅದರ ಸಣ್ಣ ಪಾಲು. ಒಂದೇ ಜಿಲ್ಲೆ, ಎರಡು ಹವೆ. ಆದ್ದರಿಂದ ನಗರದ ಫ್ಲಾಟ್‌ನಲ್ಲಿ ಹತ್ತು ವರ್ಷ ನಿಂತ ಜಾಲಿ ಹೊಸನಗರದ ತೋಟದ ಮನೆಯಲ್ಲೂ ಹಾಗೇ ನಿಲ್ಲುತ್ತದೆ ಅಂತ ಯಾರೂ ಗ್ಯಾರಂಟಿ ಕೊಡಬಾರದು.

ಸಾದಾ ಎಂಡಿಎಫ್‌ನ ಅಂಚಿಗೆ ನೀರು ತಾಗಿದರೆ ನೆನೆಸಿದ ಅವಲಕ್ಕಿ ಥರ ಉಬ್ಬುತ್ತದೆ. ಒಣಗಿದ ಮೇಲೂ ಹಳೆ ದಪ್ಪಕ್ಕೆ ಇಳಿಯುವುದಿಲ್ಲ. ಮರವೂ ಉಬ್ಬುತ್ತದೆ, ಆದರೆ ಬಿಸಿಲು ಬಂದ ಮೇಲೆ ಬಹುಪಾಲು ತಿರುಗಿ ಬರುತ್ತದೆ. ಎಂಡಿಎಫ್‌ನಲ್ಲಿ ಒತ್ತಿಟ್ಟ ನಾರು ಒಮ್ಮೆ ಬಿಚ್ಚಿಕೊಂಡರೆ ಮುಗಿಯಿತು. ಕೆತ್ತಿದ ಹಲಗೆಗೆ ಇದು ಇನ್ನೂ ಕಷ್ಟ. ಮೇಲಿನ ಬಿಗಿ ಪದರ ಕೆತ್ತಿ ತೆಗೆದಿರುತ್ತೇವೆ, ಒಳಗಿನ ಸಡಿಲ ಭಾಗ ತೆರೆದುಕೊಂಡಿರುತ್ತದೆ.

ನೀರು ಬೀಳದಿದ್ದರೂ ಆಷಾಢದ ಥಂಡಿ ಗಾಳಿ ಸಾಕು. ಎದುರು ಮುಖಕ್ಕೆ ಮೂರು ಕೋಟ್ ಬಣ್ಣ ಹೊಡೆದು ಹಿಂಭಾಗ ಹಾಗೇ ಬಿಟ್ಟ ಹಲಗೆ ಬಾಗುತ್ತದೆ. ಒಂದು ಮುಖ ತೇವ ಕುಡಿಯುತ್ತದೆ, ಇನ್ನೊಂದು ಕುಡಿಯುವುದಿಲ್ಲ, ಅದಕ್ಕೆ. ಹಿಂಭಾಗಕ್ಕೂ ಅಷ್ಟೇ ಕೋಟ್ ಹಾಕಿ. ಬರೀ ಪ್ರೈಮರ್ ಆದರೂ ಪರವಾಗಿಲ್ಲ, ಸುಮ್ನೆ ಬಿಡಬೇಡಿ. ಗೋಡೆಗೆ ತಾಗಿಸಿ ಹೊಡೆಯಲೂಬೇಡಿ. ಮಣ್ಣಿನ ಗೋಡೆ, ಜಂಬಿಟ್ಟಿಗೆ ಗೋಡೆ ಮಳೆಗಾಲದಲ್ಲಿ ಬೆವರುತ್ತವೆ. ನಡುವೆ ಅರ್ಧ ಇಂಚು ಗಾಳಿ ಆಡುವ ಜಾಗ ಇಲ್ಲದಿದ್ದರೆ ಹಿಂದೆ ಬೂಷ್ಟು ಹಿಡಿದು, ಕೋಣೆಗೆಲ್ಲ ಮುಗ್ಗಲು ವಾಸನೆ ಬರುತ್ತದೆ.

ಹಲಗೆ ಸಂಗ್ರಹಿಸುವಾಗಲೂ ನೆಲಕ್ಕೆ ಹಾಕದೆ, ರೀಪು ಕೊಟ್ಟು ಮಲಗಿಸಿ ಇಡಿ. ಗೋಡೆಗೆ ಒರಗಿಸಿ ನಿಲ್ಲಿಸಿದರೆ ಒಂದು ಮಳೆಗಾಲಕ್ಕೆ ಬಿಲ್ಲಾಗುತ್ತದೆ.

ಎಚ್‌ಡಿಎಚ್‌ಎಂಆರ್ ಬೋರ್ಡ್ ತಂದರೆ ಈ ಸಮಸ್ಯೆ ಇಲ್ಲ ಅಲ್ವಾ?

ಕಡಿಮೆ ಆಗುತ್ತದೆ, ಇಲ್ಲವಾಗುವುದಿಲ್ಲ. ಇದು ಹೆಚ್ಚು ಬಿಗಿಯ, ತೇವ ತಡೆಯುವ ಅಂಟು ಹಾಕಿದ ಬೋರ್ಡ್. ಸಾದಾ ಎಂಡಿಎಫ್ ಘನ ಮೀಟರ್‌ಗೆ 700-750 ಕಿಲೋ ಇದ್ದರೆ ಇದು 850ರ ಆಸುಪಾಸು. ಒಳಭಾಗವೂ ಬಿಗಿ ಇರುವುದರಿಂದ ಕೆತ್ತನೆ ನಯವಾಗಿ ಬರುತ್ತದೆ, ನಾರು ಏಳುವುದು ಕಡಿಮೆ. ಮಲೆನಾಡಿನ ಮನೆಗೆ ಕೆತ್ತನೆ ಮಾಡುವುದಾದರೆ ನಾನು ಇದನ್ನೇ ಹೇಳುತ್ತೇನೆ, ಹಣ ಸ್ವಲ್ಪ ಜಾಸ್ತಿ ಆದರೂ. ಬಿಟ್ ಬೇಗ ಸವೆಯುತ್ತದೆ ಅನ್ನುವುದು ನಿಜ.

ಆದರೆ ತೇವ ತಡೆಯುವುದು ಬೇರೆ, ನೀರಲ್ಲಿ ನಿಲ್ಲುವುದು ಬೇರೆ. ಅಂಗಡಿಯಲ್ಲಿ ಹಸಿರು ಬಣ್ಣದ ಬೋರ್ಡ್ ತೋರಿಸಿ "ವಾಟರ್‌ಪ್ರೂಫ್" ಅಂದರೆ ನಂಬಬೇಡಿ. ಆ ಹಸಿರು ಗುರುತಿಗೆ ಹಾಕಿದ ಬಣ್ಣ ಅಷ್ಟೇ, ಅದೇ ನೀರು ತಡೆಯುವುದಿಲ್ಲ.

ಹೆಬ್ಬಾಗಿಲು, ಗೇಟಿನ ನಾಮಫಲಕ, ತುಳಸಿಕಟ್ಟೆ?

ಮೂರಕ್ಕೂ ಬೇಡ. ಹೆಬ್ಬಾಗಿಲಿಗೆ ತೇಗ ಅಥವಾ ಹಲಸು. ಹಳೆ ತೊಟ್ಟಿಮನೆಗಳ ಮುಂಡಿಗೆ, ಬಾಗಿಲು ಇವತ್ತಿಗೂ ನಿಂತಿರುವುದು ಚೇಗಿನ (ಮರದ ನಡುವಿನ ಗಟ್ಟಿ ತಿರುಳು) ಬಲದಿಂದ. ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ದರ್ಬಾರ್ ಹಾಲ್‌ನಲ್ಲಿ ಆ ಮರದ ಕಂಬಗಳನ್ನು ಒಮ್ಮೆ ನೋಡಿ ಬನ್ನಿ, ಯಾವ ಬೋರ್ಡೂ ಆ ಕೆಲಸಕ್ಕಲ್ಲ ಅಂತ ಗೊತ್ತಾಗುತ್ತದೆ. ಹೊರಗಿನ ನಾಮಫಲಕಕ್ಕೆ ಡಬ್ಲ್ಯೂಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ್ದು), ಪಿವಿಸಿ ಹಲಗೆ ಸಿಗುತ್ತವೆ, ಅವೂ ಸಿಎನ್‌ಸಿಯಲ್ಲಿ ಚೆನ್ನಾಗಿ ಕತ್ತರಿಸುತ್ತವೆ. ಜಗಲಿಯ ಒಳಗೋಡೆಗೆ, ಇರಚಲು ಹೊಡೆಯದ ಕಡೆಗೆ ಎಂಡಿಎಫ್ ಫಲಕ ಹಾಕಬಹುದು.

ದೇವರ ಕೋಣೆಗೆ ಹಾಕಬಹುದಾ? ದೀಪ, ಕರ್ಪೂರ ಇರುತ್ತದಲ್ಲ?

ಜಾಲಿ ಬಾಗಿಲು, ಹಿಂಬದಿಯ ಫಲಕ, ಮೇಲಿನ ಪ್ರಭಾವಳಿಗೆ ಹಾಕಬಹುದು. ದೀಪ ಇಡುವ ಜಾಗಕ್ಕೆ ಮಾತ್ರ ಬೇಡ. ಎಂಡಿಎಫ್ ಹೊತ್ತಿಕೊಳ್ಳುತ್ತದೆ. ಮೇಲೆ ಎನ್‌ಸಿ ಲ್ಯಾಕರ್ (ತಿನ್ನರ್ ಬೆರೆಸಿ ಹೊಡೆಯುವ ಮೆರುಗು) ಇದ್ದರಂತೂ ಇನ್ನೂ ಬೇಗ. ದೀಪದ ಜಾಗಕ್ಕೆ ಗ್ರಾನೈಟ್ ತುಂಡು ಅಥವಾ ಹಿತ್ತಾಳೆ ತಟ್ಟೆ ಹಾಕಿ, ಜ್ವಾಲೆಯ ನೇರ ಮೇಲೆ ಕೆತ್ತನೆ ಬರದ ಹಾಗೆ ನೋಡಿಕೊಳ್ಳಿ. ಎಣ್ಣೆ ಮಸಿ ಆಳವಾದ ಕೆತ್ತನೆಯೊಳಗೆ ಕೂತರೆ ಒರೆಸಲು ಆಗುವುದಿಲ್ಲ. ದೇವರ ಹಿಂದಿನ ಫಲಕಕ್ಕೆ ಸಣ್ಣ ಸಣ್ಣ ಕುಸುರಿಗಿಂತ ಅಗಲ, ಕಡಿಮೆ ಆಳದ ವಿನ್ಯಾಸ ಆರಿಸಿ. ಅಭಿಷೇಕ ಮಾಡುವ ಮನೆಯಾದರೆ ಪೀಠಕ್ಕೆ ಮರವೋ ಕಲ್ಲೋ ಇರಲಿ.

ಗುಡಿಗಾರರ ಥರ ಮೂರ್ತಿ ಮಾಡಬಹುದಾ?

ಸಾಗರ, ಸೊರಬದ ಗುಡಿಗಾರರು ಗಂಧದಲ್ಲಿ ತೆಗೆಯುವ ಕೆಲಸಕ್ಕೂ ಇದಕ್ಕೂ ಹೋಲಿಕೆಯೇ ಬೇಡ. ಗಂಧದ ಎಳೆ ಅಷ್ಟು ನುಣುಪು, ಕೂದಲೆಳೆಯ ಗೆರೆಯೂ ನಿಲ್ಲುತ್ತದೆ. ಎಂಡಿಎಫ್‌ನಲ್ಲಿ ಪೂರ್ತಿ ಮೂರ್ತಿ ಬೇಕಾದರೆ ಹಲಗೆ ಮೇಲೆ ಹಲಗೆ ಅಂಟಿಸಿ ದಪ್ಪ ಮಾಡಬೇಕು. ಆಗ ಬಿಗಿ ಪದರ, ಸಡಿಲ ಪದರ, ಮತ್ತೆ ಬಿಗಿ ಪದರ ಹೀಗೆ ಸರದಿ ಬರುತ್ತದೆ. ಉಜ್ಜಿದಾಗ ಸಡಿಲ ಜಾಗ ಬೇಗ ಸವೆಯುತ್ತದೆ, ಮೂರ್ತಿಯ ಕೆನ್ನೆ ಮೇಲೆ ಪಟ್ಟೆ ಪಟ್ಟೆ ಏಳುತ್ತದೆ. ಪುಟ್ಟಿ ತುಂಬಿ ಮುಚ್ಚಬಹುದು, ಆದರೆ ಅಷ್ಟು ಪುಟ್ಟಿ ತುಂಬುವ ಬದಲು ಶಿವನೆ ಮರ ತರುವುದೇ ಕಡಿಮೆ ಕೆಲಸ.

ಯಕ್ಷಗಾನದ ಕಿರೀಟ, ಭುಜಕೀರ್ತಿ?

ಬೇಡ. ಭಾರ. ವೇಷದ ಆಭರಣಕ್ಕೆ ಹಗುರ ಮರ ಆರಿಸುವುದು ಸುಮ್ನೆ ಅಲ್ಲ. ರಾತ್ರಿ ಇಡೀ ಹೊತ್ತು ಕುಣಿಯಬೇಕಲ್ಲ. ಗೋಡೆಗೆ ಹಾಕುವ ಅಲಂಕಾರದ ಕಿರೀಟ ಆದರೆ ಅಡ್ಡಿಯಿಲ್ಲ.

ಮರಕ್ಕಿಂತ ಎಷ್ಟು ಅಗ್ಗ?

ದರ ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಹೋಲಿಸುವ ದಾರಿ ಹೇಳುತ್ತೇನೆ, ಅಲ್ಲೇ ಜನ ತಪ್ಪುವುದು. ಮರ ಮಾರುವುದು ಘನ ಅಡಿಯಲ್ಲಿ, ಎಂಡಿಎಫ್ ಚದರ ಅಡಿಯಲ್ಲಿ. ಒಂದು ಘನ ಅಡಿ ಮರವನ್ನು 18 ಮಿಮೀ ಹಲಗೆಯಾಗಿ ಸೀಳಿದರೆ ಕಾಗದದ ಲೆಕ್ಕದಲ್ಲಿ ಸುಮಾರು 17 ಚದರ ಅಡಿ ಸಿಗಬೇಕು. ಗರಗಸ ತಿಂದದ್ದು, ಹತ್ತರಿ ಹೊಡೆದದ್ದು, ಗಂಟು, ಬಿಳಿಮರ ಕಳೆದರೆ ಕೈಗೆ ಬರುವುದು 12ರ ಆಸುಪಾಸು. ಆ 12ರಿಂದ ಘನ ಅಡಿಯ ದರ ಭಾಗಿಸಿ, ಮಿಲ್ಲಿನ ಕೂಲಿ ಸೇರಿಸಿ, ಆಮೇಲೆ ಎಂಡಿಎಫ್ ದರದ ಪಕ್ಕ ಇಡಿ.

ಎಂಡಿಎಫ್ ಕಡೆಗೂ ಮರೆತುಹೋಗುವ ಖರ್ಚಿದೆ. ಸೀಲರ್, ಪ್ರೈಮರ್, ಪುಟ್ಟಿ, ಬಣ್ಣ, ಉಜ್ಜುವ ಕೂಲಿ. ಮರಕ್ಕೆ ಎಣ್ಣೆ ಅಥವಾ ಪಾಲಿಶ್ ಕೊಟ್ಟರೆ ಮುಗಿಯಿತು. ಕೆತ್ತಿದ ಎಂಡಿಎಫ್‌ಗೆ ಬಣ್ಣದ ಕೆಲಸವೇ ಕೆತ್ತನೆಗಿಂತ ಜಾಸ್ತಿ ಹೊತ್ತು ತಿನ್ನುತ್ತದೆ. ಅಷ್ಟಾದರೂ ಒಟ್ಟು ಲೆಕ್ಕದಲ್ಲಿ ತೇಗದ ಎದುರು ಎಂಡಿಎಫ್ ಅಗ್ಗವೇ. ಆದರೆ ಸ್ವಂತ ತೋಟದಲ್ಲಿ ಗಾಳಿಗೆ ಬಿದ್ದ ಹಲಸಿನ ಮರ ಇರುವವರು ಎಂಡಿಎಫ್ ಕೊಳ್ಳಲು ಹೊರಟರೆ ನನಗೆ ನಗು ಬರುತ್ತದೆ.

ಸ್ವಂತ ಜಮೀನಿನ ಮರ ಬಳಸಲು ಪರವಾನಗಿ ಬೇಕಾ?

ಬಹಳಷ್ಟು ಜಾತಿಗಳಿಗೆ ಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಖಾಸಗಿ ಜಮೀನಿನ ಮರಕ್ಕೂ ಅನ್ವಯಿಸುತ್ತದೆ. ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ಆ ಪಟ್ಟಿ ಆಗಾಗ ಬದಲಾಗುತ್ತದೆ, ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ತೇಗ, ಬೀಟೆಯನ್ನು ಕಡಿಯಲೂ ಸಾಗಿಸಲೂ ಕಾಗದ ಬೇಕು. ಗಂಧಕ್ಕೆ 2001ರ ತಿದ್ದುಪಡಿಯ ನಂತರ ಜಮೀನಿನ ಮಾಲೀಕನೇ ಮರದ ಮಾಲೀಕ, ಆದರೂ ಮಾರಾಟ-ಸಾಗಣೆಗೆ ನಿಯಮ ಇದೆ. ಎಂಡಿಎಫ್‌ಗೆ ಅಂಗಡಿಯ ಬಿಲ್ಲು ಸಾಕು. ಸಣ್ಣ ಕೆತ್ತನೆಗಾರರು ಇದರ ಕಡೆ ವಾಲಿದ್ದಕ್ಕೆ ಇದೂ ಒಂದು ಕಾರಣ, ಒಪ್ಪಬೇಕು.

ಎಂಡಿಎಫ್ ಬಳಸಿದರೆ ಕಾಡು ಉಳಿಯುತ್ತದೆ ಅನ್ನುತ್ತಾರೆ, ನಿಜವಾ?

ಅರ್ಧ ನಿಜ. ಬೀಟೆ, ತೇಗ ಕಡಿಯುವುದಿಲ್ಲ ಸರಿ. ಆದರೆ ನೆಡುತೋಪು ಎಲ್ಲಿ ಬೆಳೆಯುತ್ತಾರೆ ಅನ್ನುವುದು ಮುಖ್ಯ. 1936ರಲ್ಲಿ ಶುರುವಾದ ಭದ್ರಾವತಿಯ ಎಂಪಿಎಂ (ಮೈಸೂರು ಪೇಪರ್ ಮಿಲ್ಸ್) ಕಾಗದ ಕಾರ್ಖಾನೆಗಾಗಿ ಬೆಳೆಸಿದ ಅಕೇಶಿಯಾ, ನೀಲಗಿರಿ ತೋಪುಗಳ ಬಗ್ಗೆ ಈ ಜಿಲ್ಲೆಯಲ್ಲಿ ಎಷ್ಟು ಜಗಳ, ಎಷ್ಟು ಹೋರಾಟ ನಡೆದಿದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಮತ್ತೆ ಎಂಡಿಎಫ್‌ನಲ್ಲಿ ಅಂಟು ಇದೆ, ಹಾಗಾಗಿ ಅದು ಗೊಬ್ಬರ ಆಗುವುದಿಲ್ಲ. ಮೂರು ತಲೆಮಾರು ಬಾಳುವ ಹಲಸಿನ ಬಾಗಿಲು, ಹತ್ತು ವರ್ಷಕ್ಕೆ ಗುಜರಿ ಸೇರುವ ಬೋರ್ಡು, ಎರಡರಲ್ಲಿ ಯಾವುದು ಹಸಿರು ಅಂತ ನೀವೇ ಯೋಚನೆ ಮಾಡಿ.

ಧೂಳು ಅಪಾಯಕಾರಿಯಾ? ಚೂರುಗಳನ್ನು ಏನು ಮಾಡುವುದು?

ಅಪಾಯಕಾರಿಯೇ. ಎಂಡಿಎಫ್ ಧೂಳು ಮರದ ಹೊಟ್ಟಿಗಿಂತ ನಯ, ಗಾಳಿಯಲ್ಲಿ ಜಾಸ್ತಿ ಹೊತ್ತು ತೇಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಮರದ ಧೂಳನ್ನು 1995ರಲ್ಲೂ, ಫಾರ್ಮಾಲ್ಡಿಹೈಡನ್ನು 2004ರಲ್ಲೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಕೆತ್ತುವಾಗ ಎರಡೂ ಒಟ್ಟಿಗೆ ಮೂಗಿಗೆ ಬರುತ್ತವೆ. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಸಾಲದು. ಎನ್95 ಮಾಸ್ಕ್ ಬಿಗಿಯಾಗಿ ಕೂರಬೇಕು, ಮಿಷನ್‌ಗೆ ಡಸ್ಟ್ ಕಲೆಕ್ಟರ್ ಇರಬೇಕು. ಗುಡಿಸುವ ಬದಲು ವ್ಯಾಕ್ಯೂಮ್‌ನಲ್ಲಿ ಎಳೆಯಿರಿ. ಗುಡಿಸಿದರೆ ಅದೇ ಧೂಳು ಮತ್ತೆ ಮೇಲೇಳುತ್ತದೆ.

ಚೂರುಗಳ ವಿಷಯ ನಮ್ಮ ಕಡೆಗೆ ಬಹಳ ಮುಖ್ಯ. ಮರದ ಹೊಟ್ಟನ್ನು ಕೊಟ್ಟಿಗೆಗೆ ಹಾಸುವುದು, ಗೊಬ್ಬರ ಗುಂಡಿಗೆ ಹಾಕುವುದು, ತುಂಡುಗಳನ್ನು ಬಚ್ಚಲ ಒಲೆಗೆ ತುರುಕುವುದು ಮಲೆನಾಡಿನ ಅಭ್ಯಾಸ. ಎಂಡಿಎಫ್‌ಗೆ ಇದ್ಯಾವುದೂ ಬೇಡ. ಒಲೆಗೆ ಹಾಕಿದರೆ ಅಂಟು ಸುಟ್ಟು ಕಣ್ಣುರಿಯುವ ಹೊಗೆ ಬಚ್ಚಲ ತುಂಬ ಕೂರುತ್ತದೆ. ಮಳೆಗಾಲದಲ್ಲಿ ಕಿಟಕಿ ಮುಚ್ಚಿರುವಾಗಂತೂ ಮಕ್ಕಳ ಸ್ನಾನದ ಹೊತ್ತಿಗೆ ಅದು ಬೇಡವೇ ಬೇಡ. ಬಣ್ಣ ಹೊಡೆದ ಚೂರು ಇನ್ನೂ ಕೆಟ್ಟದ್ದು. ದೊಡ್ಡ ತುಂಡುಗಳನ್ನು ಟೆಂಪ್ಲೇಟ್‌ಗೆ ಇಟ್ಟುಕೊಳ್ಳಿ, ಉಳಿದದ್ದನ್ನು ಚೀಲ ಕಟ್ಟಿ ಕಸದ ಗಾಡಿಗೆ ಕೊಡಿ.

ಮನೆಯೊಳಗೆ ಇಟ್ಟರೆ ಫಾರ್ಮಾಲ್ಡಿಹೈಡ್ ಬರುತ್ತಾ ಇರುತ್ತದಾ?

ಹೊಸ ಹಲಗೆಯಿಂದ ಸ್ವಲ್ಪ ಬರುತ್ತದೆ, ದಿನ ಕಳೆದಂತೆ ಕಡಿಮೆಯಾಗುತ್ತದೆ. ಬೋರ್ಡ್ ಮೇಲೆ ಇ1 ಅಂತ ಇದ್ದರೆ 100 ಗ್ರಾಂ ಹಲಗೆಯಲ್ಲಿ 8 ಮಿಲಿಗ್ರಾಂ ಮೀರಬಾರದು ಅಂತ ಅರ್ಥ. ಇ2 ಅಂದರೆ 30ರವರೆಗೂ ಇರಬಹುದು. ಮಲಗುವ ಕೋಣೆಗೆ ಇ2 ತರಬೇಡಿ. ಜತೆಗೆ ಐಎಸ್ 12406 ಸಂಖ್ಯೆಯ ಐಎಸ್‌ಐ ಗುರುತು ನೋಡಿ. ಎಲ್ಲ ಬದಿಗೂ ಬಣ್ಣ ಹೊಡೆದು ಮುಚ್ಚಿದರೆ ಹೊರಬರುವುದು ಇನ್ನೂ ಕಡಿಮೆ.

ಗೆದ್ದಲು ತಿನ್ನುತ್ತದಾ?

ತಿನ್ನುತ್ತದೆ. ತೇಗದ ಚೇಗಿಗೆ ಇರುವ ಎಣ್ಣೆಯ ರಕ್ಷಣೆ ಇದಕ್ಕಿಲ್ಲ. ಬೋರೇಟ್ ಹಾಕಿದ ಬೋರ್ಡ್ ಸಿಗುತ್ತದೆ, ಅದನ್ನೇ ತನ್ನಿ. ನೆಲಕ್ಕೆ, ಮಣ್ಣಿನ ಗೋಡೆಗೆ ತಾಗಿಸಬೇಡಿ.

ಕೆತ್ತಿದ ಮೇಲೆ ಬಣ್ಣ ಹೊಡೆದರೆ ಒರಟಾಗಿ ಕಾಣುತ್ತದೆ. ಯಾಕೆ?

ಸೀಲ್ ಮಾಡದೆ ಹೊಡೆದಿರುತ್ತೀರಿ, ಅಥವಾ ಮೊದಲ ಕೋಟೇ ನೀರು ಬೆರೆಸಿದ ಪ್ರೈಮರ್ ಆಗಿರುತ್ತದೆ. ನೀರು ತಾಗಿದ ಕೂಡಲೇ ನಾರು ಎದ್ದು ನಿಲ್ಲುತ್ತದೆ. ಮೊದಲು 240 ನಂಬರ್ ಉಪ್ಪುಕಾಗದದಲ್ಲಿ ಉಜ್ಜಿ, ಧೂಳು ಊದಿ, ಅರಗಿನ ಪಾಲಿಶ್ ಅಥವಾ ಪಿಯು (ಪಾಲಿಯುರೆಥೇನ್) ಸೀಲರ್ ಒಂದು ಕೋಟ್ ಕೊಡಿ. ಒಣಗಿದ ಮೇಲೆ ಕೈ ಸವರಿ. ಮುಳ್ಳು ಮುಳ್ಳು ಅನಿಸುತ್ತದೆ. ಆಗ 320ರಲ್ಲಿ ಹಗುರವಾಗಿ ಉಜ್ಜಿ, ಇನ್ನೊಂದು ಕೋಟ್. ಈಗ ಪ್ರೈಮರ್ ಹಾಕಿ. ಫೆವಿಕಾಲ್‌ಗೆ ನೀರು ಬೆರೆಸಿ ಬಳಿಯುವವರಿದ್ದಾರೆ. ಅಂಚಿಗೆ ನಡೆಯುತ್ತದೆ, ಸಣ್ಣ ಕೆತ್ತನೆಗೆ ಬೇಡ, ಮೂಲೆಗಳಲ್ಲಿ ಗಟ್ಟಿ ಕೂತು ವಿನ್ಯಾಸ ಮುಚ್ಚುತ್ತದೆ.

ಮರದ ಬಣ್ಣದ ಸ್ಟೇನ್ ಹಾಕಿ ತೇಗದ ಥರ ತೋರಿಸುವ ಆಸೆ ಬೇಡ. ಎಳೆ ಇಲ್ಲದ ಕಡೆ ಸ್ಟೇನ್ ಕಲೆಯಾಗಿ ಕೂರುತ್ತದೆ, ಕೆತ್ತಿದ ಜಾಗ ಕಪ್ಪು, ಮೇಲ್ಮೈ ಬಿಳಿಚು.

ಜಡಿಮಳೆಯ ದಿನ ಎನ್‌ಸಿ ಲ್ಯಾಕರ್ ಹೊಡೆಯಬೇಡಿ. ತಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು ಬಿಳಿ ಮಂಜು ಹಿಡಿಯುತ್ತದೆ. ಪೇಂಟರ್‌ಗಳು "ಬ್ಲಶ್ ಆಯ್ತು" ಅನ್ನುವುದು ಇದಕ್ಕೇ. ತಡವಾಗಿ ಆರುವ ತಿನ್ನರ್ ಬೆರೆಸಿದರೆ ಸ್ವಲ್ಪ ತಪ್ಪುತ್ತದೆ. ಡೆಲಿವರಿ ದಿನ ಮುಂದೆ ಹಾಕುವುದು ಅದಕ್ಕಿಂತ ಒಳ್ಳೆಯದು.

ಲೇಸರ್‌ನಲ್ಲಿ ಕತ್ತರಿಸಬಹುದಾ?

3ರಿಂದ 6 ಮಿಮೀವರೆಗೆ ಚೆನ್ನಾಗಿ ಕತ್ತರಿಸುತ್ತದೆ. ಅಂಚು ಕಪ್ಪಾಗುತ್ತದೆ, ಹೊಗೆ ಹೊರಗೆ ಹಾಕುವ ವ್ಯವಸ್ಥೆ ಬೇಕೇಬೇಕು. ತೆಳು ಹಾಳೆಗಳನ್ನು ಪದರ ಪದರವಾಗಿ ಜೋಡಿಸಿ ಉಬ್ಬುಚಿತ್ರದ ಹಾಗೆ ಮಾಡುವವರಿಗೆ ಇದು ಸುಲಭ ದಾರಿ.

ಸ್ಕ್ರೂ ಹಾಕಿದರೆ ಸೀಳುತ್ತದೆ. ಏನು ಮಾಡಲಿ?

ಅಂಚಿಗೆ ಹಾಕುತ್ತಿದ್ದೀರಿ. ಅದು ಸಡಿಲ ಭಾಗ. ಸಾಧ್ಯವಾದಷ್ಟು ಮುಖದಿಂದ ಹಾಕಿ. ಅಂಚಿಗೆ ಹಾಕಲೇಬೇಕಾದರೆ ಮೊದಲು ಡ್ರಿಲ್ ಮಾಡಿ, ಮೂಲೆಯಿಂದ ಕನಿಷ್ಠ ಒಂದು ಇಂಚು ಒಳಗೆ ಬನ್ನಿ, ತೆಳು ಸ್ಕ್ರೂ ಬಳಸಿ. 18 ಮಿಮೀ ಪೂರ್ತಿ ಹಲಗೆ 40 ಕಿಲೋ ತೂಗುತ್ತದೆ. ದೊಡ್ಡ ಫಲಕವನ್ನು ಬರೀ ಅಂಟು, ಎರಡು ಮೊಳೆ ನಂಬಿ ಗೋಡೆಗೆ ತೂಗಿಸಬೇಡಿ.

ತೇಗದಲ್ಲೇ ಮಾಡಿಸುವುದು ಅಂತ ತೀರ್ಮಾನ ಆಗಿದೆ. ಎಂಡಿಎಫ್‌ನಿಂದ ಏನೂ ಪ್ರಯೋಜನ ಇಲ್ವಾ?

ಇದೆ. ತೇಗ ಕತ್ತರಿಸುವ ಮೊದಲು ಅದೇ ಫೈಲನ್ನು ಅಗ್ಗದ ಎಂಡಿಎಫ್‌ನಲ್ಲಿ ಒಮ್ಮೆ ಓಡಿಸಿ. ಆನೆಯ ಸೊಂಡಿಲು ತೀರಾ ತೆಳುವಾಯಿತು, ಬಳ್ಳಿ ಅಂಚಿಗೆ ತಾಗಿತು, ಇಂಥವೆಲ್ಲ ಆಗಲೇ ಗೊತ್ತಾಗುತ್ತವೆ. ಆ ಟ್ರಯಲ್ ತುಂಡನ್ನು ಬಾಗಿಲ ಜಾಗದಲ್ಲಿ ನಿಲ್ಲಿಸಿ, ಮನೆಯವರನ್ನೆಲ್ಲ ಕರೆದು ತೋರಿಸಿ. ಅಜ್ಜಿ "ಗಣಪತಿ ಮುಖ ಯಾಕೋ ಸಪ್ಪೆ" ಅಂದರೆ ಬದಲಾಯಿಸಲು ಇನ್ನೂ ಸಮಯ ಇರುತ್ತದೆ.

ಹಾಕಿದ್ದ ಎಂಡಿಎಫ್ ಕೆತ್ತನೆಯ ಮೂಲೆ ಉಬ್ಬಿದೆ. ರಿಪೇರಿ ಆಗುತ್ತದಾ?

ಸಣ್ಣದಾದರೆ ಆಗುತ್ತದೆ. ಮೊದಲು ನೀರು ಎಲ್ಲಿಂದ ಬಂತು ಅಂತ ಹುಡುಕಿ ನಿಲ್ಲಿಸಿ. ಫಲಕ ಕೆಳಗಿಳಿಸಿ, ನೆರಳಲ್ಲಿ ಗಾಳಿಗೆ ಪೂರ್ತಿ ಒಣಗಿಸಿ. ಬಿಸಿಲಿಗೆ ಇಟ್ಟರೆ ಬಾಗುತ್ತದೆ. ಉಬ್ಬಿದ, ಮೆತ್ತಗಾದ ಭಾಗವನ್ನು ಗಟ್ಟಿ ಸಿಗುವವರೆಗೆ ಕೆರೆದು ತೆಗೆಯಿರಿ. ತೆಳು ಎಪಾಕ್ಸಿ ಕುಡಿಸಿ ಗಟ್ಟಿ ಮಾಡಿ, ಮೇಲೆ ಎಪಾಕ್ಸಿ ಪುಟ್ಟಿ ತುಂಬಿ, ಪೂರ್ತಿ ಗಟ್ಟಿಯಾಗುವ ಮೊದಲು ಸಣ್ಣ ಉಳಿಯಿಂದ ವಿನ್ಯಾಸ ತಿದ್ದಿ. ಆಮೇಲೆ ಉಜ್ಜಿ ಬಣ್ಣ. ಅಂಗೈಗಿಂತ ದೊಡ್ಡ ಜಾಗ ಉಬ್ಬಿದ್ದರೆ ಈ ಕಷ್ಟ ಬೇಡ. ಸಿಎನ್‌ಸಿ ಫೈಲ್ ಇದ್ದರೆ ಆ ತುಂಡನ್ನೇ ಮತ್ತೆ ಕತ್ತರಿಸಿಕೊಳ್ಳಿ. ಮಾಡಿಸುವಾಗಲೇ ಕೆತ್ತಿದವರ ಹತ್ತಿರ ಫೈಲಿನ ಪ್ರತಿ ಕೇಳಿ ಇಟ್ಟುಕೊಂಡಿದ್ದರೆ ಈ ಕೆಲಸ ಒಂದು ದಿನದ್ದು.